ಕೂದಲೆಳೆಯಷ್ಟು ಅಂತರ

ಮೊದಲ ಸುತ್ತಿನ ಬೋರ್ಡೋ ಸಿಂಪಡಣೆ ಮುಗಿದು, ಎರಡನೆಯ ಸುತ್ತಿಗೆ ಹೊಳವು ಕಾಯುತ್ತಿರುವ ದಿನಗಳಲ್ಲಿ ಮಲೆನಾಡಿನ ಅಡಕೆ ತೋಟಗಳ ಕಳೆ ಮೊಣಕಾಲು ಮುಟ್ಟಿರುತ್ತದೆ. ಕತ್ತಿ ಹಿಡಿದು ಕಳೆ ಕೊಚ್ಚುವ ಆಳು ಈಗ ಹುಡುಕಿದರೂ ಸಿಗುವುದಿಲ್ಲ. ಆ ಕೆಲಸವನ್ನು ಹೆಗಲಿಗೆ ತೂಗುಹಾಕಿಕೊಳ್ಳುವ ಪುಟ್ಟ ಯಂತ್ರವೊಂದು ವಹಿಸಿಕೊಂಡು ಎರಡು ದಶಕಗಳೇ ಆಗುತ್ತ ಬಂದವು. ಆ ಯಂತ್ರ ನಡು ತೋಟದಲ್ಲಿ, ಅಗಳದ ಪಕ್ಕದಲ್ಲಿ, ಒಮ್ಮೆಲೇ ಕೀರಲು ದನಿ ತೆಗೆದು ನಿಂತುಬಿಡುತ್ತದೆ. ಹಗ್ಗ ಎಳೆದರೆ ಬರುವುದಿಲ್ಲ. ಪೇಟೆಯ ಅಂಗಡಿಯಲ್ಲಿ ಬಿಚ್ಚಿ ನೋಡಿ, ಸೀಜ್ ಆಗಿದೆ, ಬ್ಲಾಕು ಪಿಸ್ಟನ್ ಎರಡೂ ಹೊಸದು ಹಾಕಬೇಕು ಎನ್ನುತ್ತಾರೆ. ಹಾಕುತ್ತಾರೆ. ಮೂರು ವಾರಕ್ಕೆ ಮತ್ತೆ ಅದೇ ಕಥೆ. ಮೂರನೆಯ ಬಾರಿ ಬೇಸತ್ತ ತೋಟಿಗ ಯಂತ್ರವನ್ನು ಕೊಟ್ಟಿಗೆಯ ಅಟ್ಟಕ್ಕೆ ಎಸೆದು, ಬರುವಾಗ ಕಳೆನಾಶಕದ ಡಬ್ಬಿ ತಂದುಕೊಳ್ಳುತ್ತಾನೆ.

ಪರಿಸರದ ಮಾತಾಡುವವರು ಗಮನಿಸಬೇಕಾದ ಘಟ್ಟ ಇದು. ಕಳೆನಾಶಕದ ವಿರುದ್ಧ ಸಭೆ ನಡೆದಿದೆ, ಕರಪತ್ರ ಹಂಚಿಕೆಯಾಗಿದೆ. ತೋಟದ ಬುಡಕ್ಕೆ ಹೊಡೆದ ವಿಷ ಮಳೆನೀರಿನೊಂದಿಗೆ ಅಗಳಕ್ಕೆ, ಅಗಳದಿಂದ ಹಳ್ಳಕ್ಕೆ, ಹಳ್ಳದಿಂದ ಕೆಳಗಿನ ಕೇರಿಯವರ ಕೊಡಕ್ಕೆ ಇಳಿಯುತ್ತದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ತೋಟಿಗನನ್ನು ಆ ಡಬ್ಬಿಯ ಕಡೆಗೆ ತಳ್ಳುವ ಕಾರಣಗಳಲ್ಲಿ ಒಂದು, ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅಳೆಯಬೇಕಾದ ಅಂತರವನ್ನು ಯಾರೂ ಅಳೆಯದಿರುವುದು. ಪಿಸ್ಟನ್ನಿಗೂ ಸಿಲಿಂಡರಿನ ಒಳಗೋಡೆಗೂ ನಡುವೆ ಇರಬೇಕಾದ ತೆರವು ಅದು. ಮೆಕ್ಯಾನಿಕರ ಮಾತಿನಲ್ಲಿ ಕ್ಲಿಯರೆನ್ಸ್.

ಯಂತ್ರವೆಂದರೆ ಮೂಗು ಮುರಿಯುವ ಪದ್ಧತಿ ಚಳವಳಿಯ ವಲಯದಲ್ಲಿದೆ. ಟೂ ಸ್ಟ್ರೋಕ್ ಇಂಜಿನ್ನಿನ ಬಗ್ಗೆಯಂತೂ ಅದು ಪೂರ್ತಿ ನಿರಾಧಾರವಲ್ಲ. ಎಣ್ಣೆ ಬೆರೆಸಿದ ಪೆಟ್ರೋಲನ್ನೇ ಉರಿಸುವ ಈ ಇಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಗೆ ಬರುವ ಹೊತ್ತಿಗೆ ಹೊಗೆ ಹೋಗುವ ಕಿಂಡಿಯೂ ತೆರೆದೇ ಇರುತ್ತದೆ. ಹಾಗಾಗಿ ಒಳಬಂದ ಇಂಧನದಲ್ಲಿ ಗಣನೀಯ ಪಾಲು ಉರಿಯದೆ ಹೊರಟುಹೋಗುತ್ತದೆ. ಅಂತರವನ್ನು ಎಷ್ಟು ಸರಿಯಾಗಿ ಇಟ್ಟರೂ ಈ ಹುಟ್ಟುದೋಷ ಅಳಿಯುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನಾಡಬೇಕು. ಸವೆದ ಟೂ ಸ್ಟ್ರೋಕ್ ಇಂಜಿನ್ ಸರಿಯಿರುವ ಇಂಜಿನ್ನಿಗಿಂತ ಹೆಚ್ಚು ಪೆಟ್ರೋಲು ಕುಡಿದು, ಹೆಚ್ಚು ಹೊಗೆಯುಗುಳಿ, ಕಡಿಮೆ ಕೆಲಸ ಮಾಡುತ್ತದೆ. ತೋಟದಲ್ಲಿ ಇಂದು ಇರುವ ಆಯ್ಕೆ ಯಂತ್ರ ಮತ್ತು ಕತ್ತಿಯ ನಡುವಿನದಲ್ಲ, ಯಂತ್ರ ಮತ್ತು ವಿಷದ ನಡುವಿನದು.

ಈಗ ಅಂತರದ ವಿಷಯ. ಪಿಸ್ಟನ್ ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಸಿಲಿಂಡರು ಹಳೆಯ ಮಾದರಿಗಳಲ್ಲಿ ಎರಕದ ಕಬ್ಬಿಣದ್ದು. ಈಚಿನ ಹಗುರ ಯಂತ್ರಗಳಲ್ಲಿ ಅದೂ ಅಲ್ಯೂಮಿನಿಯಮ್ಮೇ, ಒಳಗೋಡೆಗೆ ಮಾತ್ರ ಕ್ರೋಮ್ ಅಥವಾ ನಿಕಲ್ ಆಧಾರದ ಗಟ್ಟಿ ಲೇಪ. ಬಿಸಿಯಾದಾಗ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಾಮಾನ್ಯವಾಗಿ ಕಾಣಸಿಗುವ 43 ಸಿಸಿ ಇಂಜಿನ್ನಿನ ಸಿಲಿಂಡರಿನ ಒಳವ್ಯಾಸ 40 ಮಿ.ಮೀ. ಅದರ ಪಿಸ್ಟನ್ನಿನ ಕೆಳಮೈ, ಅಂದರೆ ಸ್ಕರ್ಟ್, ಕೆಲಸದ ಹೊತ್ತಿನಲ್ಲಿ 160 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ ಎಂದೂ, ಸಿಲಿಂಡರು 140 ಡಿಗ್ರಿ ಮುಟ್ಟುತ್ತದೆ ಎಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅಂಗಡಿಯೊಳಗೆ 25 ಡಿಗ್ರಿಯಲ್ಲಿ ಅಳೆದ ಪಿಸ್ಟನ್ ಆಗ ಸುಮಾರು 0.11 ಮಿ.ಮೀ. ಹಿಗ್ಗಿರುತ್ತದೆ. ಕಬ್ಬಿಣದ ಸಿಲಿಂಡರು ಹಿಗ್ಗುವುದು ಸುಮಾರು 0.05 ಮಿ.ಮೀ. ಮಾತ್ರ. ಉಳಿದ 0.06 ಮಿ.ಮೀ. ಎಲ್ಲಿಂದ ಬರಬೇಕು? ತಣ್ಣಗಿರುವಾಗಲೇ ಬಿಟ್ಟಿಟ್ಟ ತೆರವಿನಿಂದ ಬರಬೇಕು. ಅದರ ಮೇಲೆ ಎಣ್ಣೆಯ ಪೊರೆಗೂ ಒಂದಿಷ್ಟು ಜಾಗ ಬೇಕು. ತಲೆಗೂದಲೊಂದರ ದಪ್ಪ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಸಿಲಿಂಡರೂ ಅಲ್ಯೂಮಿನಿಯಮ್ಮಿನದಾದರೆ ಎರಡೂ ಹೆಚ್ಚುಕಡಿಮೆ ಜೊತೆಯಾಗಿ ಹಿಗ್ಗುವುದರಿಂದ ಇದಕ್ಕಿಂತ ಕಡಿಮೆ ತೆರವು ಸಾಕಾಗುತ್ತದೆ. ಕಬ್ಬಿಣದ ಬ್ಲಾಕಿನ ಅಂಕಿಯನ್ನು ಲೇಪದ ಬ್ಲಾಕಿಗೆ ಹಚ್ಚುವುದು ದೊಡ್ಡ ತಪ್ಪು. ಯಂತ್ರದ ಕೈಪಿಡಿಯಲ್ಲಿ ಕೊಟ್ಟ ಅಂಕಿಯೇ ಅಂತಿಮ. ಮೇಲಿನ ಲೆಕ್ಕ ಆ ಅಂಕಿ ಏಕೆ ಹಾಗಿದೆ ಎಂದು ತಿಳಿಯಲು ಮಾತ್ರ.

ಪೇಟೆಯ ಅಂಗಡಿಗಳಲ್ಲಿ ಈ ಲೆಕ್ಕದ ಜಾಗದಲ್ಲಿ ಇರುವುದು ಕೈಯಂದಾಜು. ಪಿಸ್ಟನ್ನನ್ನು ಸಿಲಿಂಡರಿಗೆ ಇಳಿಸಿ ಬೆರಳಿನಿಂದ ಅಲ್ಲಾಡಿಸಿ ನೋಡುತ್ತಾರೆ. ‘ಹೆಗಡೇರೆ, ಸ್ವಲ್ಪ ಲೂಸಾಗೇ ಇರ್ಲಿ, ಆಗ ಹಿಡಿಯೂದಿಲ್ಲ’ ಎಂಬ ಸಮಾಧಾನವನ್ನು ಕೇಳದ ತೋಟಿಗರು ಕಡಿಮೆ. ಈ ಮಾತಿನ ಹಿಂದೆ ಅನುಭವವಿದೆ, ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಸಡಿಲವಿದ್ದ ಇಂಜಿನ್ ನಿಜಕ್ಕೂ ಬೇಗ ಹಿಡಿಯುವುದಿಲ್ಲ. ಆದರೆ ಅದು ನಿಧಾನವಾಗಿ ಸಾಯುತ್ತದೆ. ಸಡಿಲ ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಅತ್ತಿತ್ತ ವಾಲಿ ಗೋಡೆಗೆ ಬಡಿಯುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಕೇಳುವ ಕಟಕಟ ಶಬ್ದ ಅದೇ. ವಾಲಿದಾಗ ರಿಂಗಿನ ಅಂಚು ಉರುಟಾಗಿ ಸವೆಯುತ್ತದೆ, ಉರಿದ ಅನಿಲ ಪಕ್ಕದಿಂದ ಕೆಳಗೆ ಸೋರಿ ಹೊಸ ಮಿಶ್ರಣವನ್ನು ಕೆಡಿಸುತ್ತದೆ. ಟೂ ಸ್ಟ್ರೋಕ್‌ನಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿ ಬೇರೆ ಕವಾಟಗಳಿಲ್ಲ, ಕಿಂಡಿಗಳನ್ನು ತೆರೆದು ಮುಚ್ಚುವುದು ಪಿಸ್ಟನ್ನಿನ ಮೈಯೇ. ಇಂಜಿನ್ನಿನ ಕೆಳಕೋಣೆಯಲ್ಲಿ ಮಿಶ್ರಣವನ್ನು ಒತ್ತಿ ಮೇಲಕ್ಕೆ ಕಳಿಸುವುದೂ ಅದೇ. ಮೈ ಸಡಿಲವಾದರೆ ಪಂಪಿನ ವಾಷರು ಹರಿದಂತೆ. ಹಗ್ಗ ಎಷ್ಟು ಎಳೆದರೂ ಶುರುವಾಗದ, ಶುರುವಾದರೂ ಇಳಿಜಾರಿನ ಹುಲ್ಲಿಗೆ ತಾಗಿದೊಡನೆ ಉಸಿರು ಕಟ್ಟುವ ಯಂತ್ರಗಳಲ್ಲಿ ಅನೇಕವು ಕಾರ್ಬ್ಯುರೇಟರಿನ ತಪ್ಪಿಲ್ಲದೆ ಬೈಸಿಕೊಳ್ಳುತ್ತಿರುತ್ತವೆ. ಬಿಗಿಯಾದದ್ದು ಒಂದೇ ದಿನದಲ್ಲಿ ಹಿಡಿದು ನಿಲ್ಲುತ್ತದೆ. ಸಡಿಲಾದದ್ದು ಎರಡು ಮಳೆಗಾಲ ಪೆಟ್ರೋಲು ತಿಂದು ಆಮೇಲೆ ಗುಜರಿಗೆ ಹೋಗುತ್ತದೆ. ಎರಡಕ್ಕೂ ಮೂಲ, ಅಳೆಯದಿರುವುದು.

ಅಳೆಯುವುದು ಹೇಗೆ? ವಿಜ್ಞಾನ ಓದುವ ಯಾವ ವಿದ್ಯಾರ್ಥಿಗೂ ಇದು ಕಷ್ಟದ ವಿದ್ಯೆಯಲ್ಲ. ಪಿಸ್ಟನ್ನು ಮತ್ತು ಸಿಲಿಂಡರು ಎರಡನ್ನೂ ತೊಳೆದು ಒರೆಸಿ, ಒಂದೇ ಮೇಜಿನ ಮೇಲೆ ಒಂದೆರಡು ಗಂಟೆ ಬಿಡಬೇಕು. ಬಿಸಿಲಿನಲ್ಲಿಟ್ಟ ಪಿಸ್ಟನ್ ನೆರಳಿನ ಸಿಲಿಂಡರಿಗಿಂತ ಹತ್ತು ಡಿಗ್ರಿ ಬಿಸಿಯಿದ್ದರೂ ಅಳತೆ ಸುಮಾರು 0.008 ಮಿ.ಮೀ. ತಪ್ಪುತ್ತದೆ. ಪಿಸ್ಟನ್ನಿನ ವ್ಯಾಸವನ್ನು ಮೈಕ್ರೋಮೀಟರಿನಿಂದ ಅಳೆಯಬೇಕಾದದ್ದು ಪಿನ್ನಿಗೆ ಲಂಬ ದಿಕ್ಕಿನಲ್ಲಿ, ಸ್ಕರ್ಟಿನ ಕೆಳತುದಿಯಿಂದ ಕೊಂಚ ಮೇಲೆ. ಎಷ್ಟು ಮೇಲೆ ಎಂಬುದನ್ನು ಕೈಪಿಡಿ ಹೇಳುತ್ತದೆ. ಏಕೆ ಅಲ್ಲಿಯೇ? ಪಿಸ್ಟನ್ನು ಕಣ್ಣಿಗೆ ಕೊಳವೆಯಂತೆ ಕಂಡರೂ ಕೊಳವೆಯಲ್ಲ. ತಲೆಯ ಕಡೆ ಹೆಚ್ಚು ಬಿಸಿಯಾಗುವುದರಿಂದ ಅಲ್ಲಿ ಬೇಕೆಂದೇ ಸಣ್ಣದಾಗಿಯೂ, ಪಿನ್ನಿನ ಕಡೆ ಲೋಹ ದಪ್ಪವಿರುವುದರಿಂದ ಆ ದಿಕ್ಕಿನಲ್ಲಿ ತುಸು ಚಪ್ಪಟೆಯಾಗಿಯೂ ತಯಾರಾಗಿರುತ್ತದೆ. ತಲೆಯ ಬಳಿ ಅಳೆದವನಿಗೆ ತೆರವು ಇರುವುದಕ್ಕಿಂತ ಎಷ್ಟೋ ಹೆಚ್ಚಾಗಿ ಕಂಡು, ಒಳ್ಳೆಯ ಪಿಸ್ಟನ್ನೇ ಸವೆದದ್ದೆನಿಸುತ್ತದೆ.

ಸಿಲಿಂಡರನ್ನು ಬೋರ್ ಗೇಜಿನಿಂದ ಮೇಲೆ, ನಡುವೆ, ಕಿಂಡಿಗಳ ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ಕಿಂಡಿಯ ಅಂಚಿನ ಮೇಲೆ ಗೇಜಿನ ಕಾಲು ಕೂತರೆ ಓದು ಸುಳ್ಳಾಗುತ್ತದೆ. ಆರು ಅಂಕಿಗಳಲ್ಲಿ ಅತಿ ಸಣ್ಣದರಿಂದ ಪಿಸ್ಟನ್ನಿನ ವ್ಯಾಸ ಕಳೆದರೆ ಹಿಡಿಯುವ ಅಪಾಯವೆಷ್ಟು ಎಂದು ತಿಳಿಯುತ್ತದೆ, ಅತಿ ದೊಡ್ಡದರಿಂದ ಕಳೆದರೆ ಸವೆತವೆಷ್ಟು ಎಂದು. ಬೋರ್ ಗೇಜಿಲ್ಲದ ಕಡೆ ಉದ್ದನೆಯ, ಕಿರಿದಗಲದ ಫೀಲರ್ ಪಟ್ಟಿಯನ್ನು ಸ್ಕರ್ಟಿನ ಪಕ್ಕಕ್ಕೆ ತೂರಿಸಿ ನೋಡುವವರಿದ್ದಾರೆ. ಬಾಗಿದ ಸಂದಿನಲ್ಲಿ ಚಪ್ಪಟೆ ಪಟ್ಟಿ ಪೂರ್ತಿ ನಿಜ ಹೇಳದು. ಬೆರಳಿನಂದಾಜಿಗಿಂತ ಮಾತ್ರ ಅದೂ ಮೇಲು.

ಕಬ್ಬಿಣದ ಸಿಲಿಂಡರಾದರೆ ಲೇಥಿನವರ ಹತ್ತಿರ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಇಲ್ಲೊಂದು ಕಟ್ಟುನಿಟ್ಟು ಬೇಕು. ಪಿಸ್ಟನ್ನಿನ ಡಬ್ಬಿಯ ಮೇಲೆ 0.25 ಎಂದೋ 0.50 ಎಂದೋ ಬರೆದದ್ದನ್ನು ನಂಬಿ ಬೋರ್ ಮಾಡಬಾರದು. ಪಿಸ್ಟನ್ನನ್ನೇ ಲೇಥಿಗೆ ಒಯ್ದು, ಅದನ್ನಳೆದು, ತೆರವನ್ನು ಕೂಡಿಸಿ ಆ ಅಳತೆಗೆ ಬೋರ್ ಮಾಡಬೇಕು. ಕೊನೆಯ ಕೆಲವು ನೂರನೇ ಭಾಗಗಳನ್ನು ಹೋನಿಂಗಿಗೆ ಉಳಿಸಿರಬೇಕು. ಕಿಂಡಿಗಳ ಹರಿತ ಅಂಚನ್ನು ನವಿರಾಗಿ ಮೊಂಡು ಮಾಡದಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ. ಹೋನಿಂಗ್ ಮುಗಿದ ಸಿಲಿಂಡರನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆದರೆ ಅರದ ಪುಡಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ಷು ಹಾಕಿ, ಬಿಳಿ ಬಟ್ಟೆ ಒರೆಸಿದರೆ ಬಿಳಿಯಾಗಿಯೇ ಬರುವ ತನಕ ತಿಕ್ಕಬೇಕು, ಒಡನೆಯೇ ಎಣ್ಣೆ ಸವರಬೇಕು. ಮಲೆನಾಡಿನ ಆಷಾಢದಲ್ಲಿ ಕಬ್ಬಿಣಕ್ಕೆ ತುಕ್ಕು ಬರಲು ಒಂದು ರಾತ್ರಿ ಸಾಕು.

ಲೇಪದ ಅಲ್ಯೂಮಿನಿಯಮ್ ಸಿಲಿಂಡರನ್ನು ಹೀಗೆ ಬೋರ್ ಮಾಡುವಂತಿಲ್ಲ. ಲೇಪ ಹೋದರೆ ಬ್ಲಾಕೇ ಹೋದಂತೆ. ಆದರೆ ಸೀಜ್ ಆದ ಲೇಪದ ಬ್ಲಾಕುಗಳಲ್ಲಿ ಕೆಲವು ನಿಜವಾಗಿ ಕೆಟ್ಟಿರುವುದಿಲ್ಲ. ಪಿಸ್ಟನ್ನಿನ ಅಲ್ಯೂಮಿನಿಯಮ್ ಕರಗಿ ಗೋಡೆಗೆ ಮೆತ್ತಿಕೊಂಡು ಗೀರಿನಂತೆ ಕಾಣುತ್ತದೆ. ಸಣ್ಣ ಎಮೆರಿ ಕಾಗದದಿಂದ ತಾಳ್ಮೆಯಿಂದ ಉಜ್ಜಿದರೆ ಅದು ಬಿಡುತ್ತದೆ, ಉಗುರು ಆಡಿಸಿ ನೋಡಿದರೆ ಕೆಳಗಿನ ಲೇಪ ನುಣುಪಾಗಿಯೇ ಸಿಗುತ್ತದೆ. ಲೇಪ ಎದ್ದಿದ್ದರೆ ಮಾತ್ರ ಬ್ಲಾಕು ಬದಲಿಸಬೇಕು. ಆಸಿಡ್ ಸುರಿದು ಕ್ಷಣದಲ್ಲಿ ಬಿಡಿಸುವ ಪದ್ಧತಿಯೂ ಉಂಟು. ಲೇಪ ಬಿರಿದಿದ್ದರೆ ಆ ಆಸಿಡ್ ಒಳಗಿನ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ತೊಳೆದ ನೀರು ಚರಂಡಿಗೆ ಹೋಗುತ್ತದೆ, ಉಸಿರಿಗೂ ಕೇಡು. ಹೊಸ ಕಿಟ್ ತಂದರೂ ಅಳೆಯದೆ ಹಾಕಬಾರದು. ತಯಾರಕರು ಸಿಲಿಂಡರು ಪಿಸ್ಟನ್‌ಗಳನ್ನು ಅಳತೆಗೆ ತಕ್ಕಂತೆ ವಿಂಗಡಿಸಿ ಅಕ್ಷರದ ಗುರುತು ಹೊಡೆದು ಜೋಡಿಸುವುದುಂಟು. ಆ ಜೋಡಿ ಅಂಗಡಿಯ ಕಪಾಟಿನಲ್ಲಿ ಅದಲುಬದಲಾಗುವುದೂ ಉಂಟು.

ಅಳತೆಗಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ವೈದ್ಯರು ನಾಲಿಗೆ ನೋಡುವಂತೆ ಹಳೆಯ ಪಿಸ್ಟನ್ನನ್ನು ಓದಬೇಕು. ಹೊಗೆಕಿಂಡಿಯ ಕಡೆ ಮಾತ್ರ ಗೀರು ಬಿದ್ದಿದ್ದರೆ ಎಣ್ಣೆ ಸಾಲದಾಗಿದೆ ಅಥವಾ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚಾಗಿ ಇಂಜಿನ್ ಕಾದಿದೆ. ಮಿಶ್ರಣ ಒಳಬರುವ ಕಡೆ ಮಂಕಾಗಿ, ಸಣ್ಣ ಉದ್ದಗೀರುಗಳಿಂದ ಸವೆದಿದ್ದರೆ ಏರ್ ಫಿಲ್ಟರಿನಿಂದ ದೂಳು ನುಗ್ಗಿದೆ. ನಾಲ್ಕು ಮೂಲೆಗಳಲ್ಲಿ ಸಮನಾಗಿ ಉಜ್ಜಿದ ಗುರುತಿದ್ದರೆ ಮಾತ್ರ ತೆರವು ಕಡಿಮೆಯಾಗಿತ್ತು, ಇಲ್ಲವೆ ತಣ್ಣಗಿನ ಇಂಜಿನ್ನನ್ನು ಶುರು ಮಾಡಿದೊಡನೆ ಪೂರ್ತಿ ರೇಸ್ ಕೊಟ್ಟದ್ದರಿಂದ ಸಿಲಿಂಡರು ಹಿಗ್ಗುವ ಮೊದಲೇ ಪಿಸ್ಟನ್ ಹಿಗ್ಗಿಬಿಟ್ಟಿದೆ. ಕಾರಣ ಒಂದಿದ್ದು ಮದ್ದು ಇನ್ನೊಂದಾದರೆ ಮೂರು ವಾರಕ್ಕೆ ಮತ್ತೆ ಸೀಜ್ ಆಗದೆ ಇನ್ನೇನಾದೀತು? ಹಾಳಾದ ಪಿಸ್ಟನ್ನನ್ನು ಗಿರಾಕಿಯ ಕೈಗೆ ಕೊಡದೆ ತೊಟ್ಟಿಗೆ ಹಾಕುವ ಅಂಗಡಿ, ಗೊತ್ತಿಲ್ಲದೆಯೇ ಸಾಕ್ಷಿಯನ್ನು ಎಸೆಯುತ್ತಿದೆ.

ಈಚೆಗೆ ಮತ್ತೊಂದು ಕಾರಣ ಸೇರಿಕೊಂಡಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಶೇಕಡಾ 20ಕ್ಕೆ ಏರಿತು. ಎಥೆನಾಲ್ ತನ್ನೊಳಗೇ ಆಮ್ಲಜನಕವಿರುವ ಇಂಧನ. ಬರಿಯ ಪೆಟ್ರೋಲಿಗೆಂದು ಹೊಂದಿಸಿದ ಕಾರ್ಬ್ಯುರೇಟರಿನಲ್ಲಿ ಅದು ಮಿಶ್ರಣವನ್ನು ತೆಳುವಾಗಿಸುತ್ತದೆ, ತೆಳು ಮಿಶ್ರಣ ಇಂಜಿನ್ನನ್ನು ಕಾಯಿಸುತ್ತದೆ, ಕಾದ ಪಿಸ್ಟನ್ ಲೆಕ್ಕಕ್ಕಿಂತ ಹೆಚ್ಚು ಹಿಗ್ಗುತ್ತದೆ. ಪಿಸ್ಟನ್ನಿನ ಬಿಸಿ 30 ಡಿಗ್ರಿ ಏರಿದರೆ ತೆರವಿನಲ್ಲಿ 0.024 ಮಿ.ಮೀ. ಕರಗಿಹೋಗುತ್ತದೆ. ಮೇಲೆ ಹೇಳಿದ 0.06ಕ್ಕೆ ಇದನ್ನು ಹೋಲಿಸಿದರೆ ಇದೇನೂ ಸಣ್ಣ ಮೊತ್ತವಲ್ಲ. ಎಥೆನಾಲಿಗೆ ನೀರಿನ ನಂಟೂ ಇದೆ. ಮಳೆಗಾಲದ ತೇವದಲ್ಲಿ ಮುಚ್ಚಳ ಸಡಿಲವಿರುವ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲಿನಲ್ಲಿ ನೀರೂ ಎಥೆನಾಲೂ ಕೂಡಿ ತಳಕ್ಕಿಳಿಯಬಹುದು. ಎಣ್ಣೆ ಉಳಿಯುವುದು ಮೇಲಿನ ಪೆಟ್ರೋಲಿನ ಪದರದಲ್ಲಿ. ಟ್ಯಾಂಕಿನೊಳಗಿನ ನಳಿಕೆ ಹೀರುವುದು ತಳದಿಂದ! ಎಥೆನಾಲಿನ ಪರ ವಿರೋಧದ ಚರ್ಚೆ ಕಾರು ಬೈಕುಗಳ ಸುತ್ತಲೇ ಸುತ್ತುತ್ತಿದೆ. ಕಳೆ ಯಂತ್ರದ ಪುಟ್ಟ ಪಿಸ್ಟನ್ನಿನ ಗೋಳು ಯಾರ ಕಿವಿಗೂ ಬಿದ್ದಂತಿಲ್ಲ. ಸದ್ಯಕ್ಕೆ ವಾರಕ್ಕೆ ಬೇಕಾದಷ್ಟೇ ಪೆಟ್ರೋಲು ತಂದು, ಕೈಪಿಡಿ ಹೇಳಿದ ಪ್ರಮಾಣದಲ್ಲಿ ಎಣ್ಣೆಯನ್ನು ಅಳೆದು ಬೆರೆಸುವುದೇ ದಾರಿ. 25ಕ್ಕೆ 1 ಎಂದರೆ ಲೀಟರಿಗೆ 40 ಮಿಲಿ, 50ಕ್ಕೆ 1 ಎಂದರೆ 20 ಮಿಲಿ. ಬಾಟಲಿಯ ಮುಚ್ಚಳದ ಅಂದಾಜು ಅಳತೆಯಲ್ಲ. ಸಿಲಿಂಡರಿನ ರೆಕ್ಕೆಗಳ ನಡುವೆ ಒಣಗಿ ಕೂತ ಹುಲ್ಲಿನ ರಸವನ್ನು ವಾರಕ್ಕೊಮ್ಮೆ ಕೆರೆದು ತೆಗೆಯದಿದ್ದರೂ ಇದೇ ಪರಿಣಾಮ.

ಇಷ್ಟೆಲ್ಲ ಗೊತ್ತಿದ್ದವರು ಒಂದು ಕಾಲದಲ್ಲಿ ಇಲ್ಲಿ ಬೇಕಾದಷ್ಟಿದ್ದರು. 1960ರಲ್ಲಿ ಹುಟ್ಟಿ 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಟೂ ಸ್ಟ್ರೋಕ್ ಬೈಕುಗಳು ಘಟ್ಟದ ರಸ್ತೆಗಳಲ್ಲಿ ಓಡಾಡುತ್ತಿದ್ದಾಗ, ಬೋರ್ ಮಾಡಿ ಪಿಸ್ಟನ್ ಕೂರಿಸುವುದು ತಾಲೂಕು ಕೇಂದ್ರದ ಮೆಕ್ಯಾನಿಕರ ನಿತ್ಯದ ಕೆಲಸವಾಗಿತ್ತು. 2000ದ ಏಪ್ರಿಲ್‌ನಿಂದ ಹೊಗೆಯ ಮಿತಿಗಳು ಬಿಗಿಯಾದ ಮೇಲೆ ದ್ವಿಚಕ್ರ ವಾಹನಗಳು ಫೋರ್ ಸ್ಟ್ರೋಕ್ ಕಡೆ ಸರಿದವು. ಗಾಳಿಗೆ ಅದು ಒಳಿತೇ ಆಯಿತು. ಆದರೆ ಆ ವಿದ್ಯೆ ಪೇಟೆಯಿಂದ ಮರೆಯಾಗುತ್ತಿದ್ದ ಕಾಲಕ್ಕೇ ತೋಟಗಳಿಗೆ ಸಣ್ಣ ಟೂ ಸ್ಟ್ರೋಕ್ ಯಂತ್ರಗಳು ಬರತೊಡಗಿದವು. ಇಂದು ಅಂಗಡಿಯಲ್ಲಿ ಕೂತ ಹುಡುಗನಿಗೆ ಕಿಟ್ ಬದಲಿಸುವುದು ಬರುತ್ತದೆ, ಮೈಕ್ರೋಮೀಟರು ಹಿಡಿಯಲು ಯಾರೂ ಕಲಿಸಿಲ್ಲ. ಅವನನ್ನು ದೂರುವುದು ನ್ಯಾಯವಲ್ಲ. ಅಳೆಯುವ ಅರ್ಧ ಗಂಟೆಗೆ ಪ್ರತ್ಯೇಕ ಕೂಲಿ ಕೊಡಲು ಒಪ್ಪುವ ಗಿರಾಕಿ ಎಷ್ಟು ಜನ?

ಸರಕಾರದ ನೆರವಿನ ದಿಕ್ಕೂ ಹೀಗೆಯೇ ಇದೆ. 2014–15ರಲ್ಲಿ ಆರಂಭವಾದ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಸಹಾಯಧನ ಮುಖ್ಯವಾಗಿ ಹೊಸ ಯಂತ್ರ ಕೊಳ್ಳುವುದಕ್ಕೆ. ಕೊಂಡದ್ದನ್ನು ಹತ್ತು ವರ್ಷ ಬಾಳಿಸಿದವನಿಗೆ ಸಿಗುವುದೇನೂ ಇಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಗಮನ ಕೊಡಬೇಕಾದ ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳನ್ನೂ ಹೆಸರಿಸಿತ್ತು. ಆ ಹಕ್ಕು ತೋಟಿಗನ ಮಟ್ಟಕ್ಕೆ ಇಳಿಯುವುದೆಂದರೆ ಏನು? ತೆರವು, ರಿಂಗಿನ ಬಾಯಂತರ, ಸವೆತದ ಮಿತಿ, ಈ ಮೂರು ಅಂಕಿಗಳಿರುವ ದುರಸ್ತಿ ಕೈಪಿಡಿ ಕನ್ನಡದಲ್ಲಿ ಯಂತ್ರದ ಜೊತೆಗೇ ಸಿಗಬೇಕು. ಈಗ ಸಿಗುವ ಪುಸ್ತಿಕೆಗಳಲ್ಲಿ ಬಹಳಷ್ಟು, ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ ಎಂಬಲ್ಲಿಗೆ ಮುಗಿಯುತ್ತವೆ. ಬೇಕಾದ ಮಾತೇ ಅದು, ಸಾಲದು ಅಷ್ಟೆ.

ಸರಕಾರವನ್ನು ಕಾಯದೆ ಊರಲ್ಲೇ ಮಾಡಬಹುದಾದದ್ದೂ ಇದೆ. ಒಂದು 25–50 ಮಿ.ಮೀ. ಮೈಕ್ರೋಮೀಟರು, ಅದೇ ಅಳತೆಯ ಒಂದು ಬೋರ್ ಗೇಜು, ಒಂದು ಫೀಲರ್ ಗೇಜಿನ ಕಟ್ಟು. ಈ ಮೂರನ್ನು ಪ್ರತಿ ಮೆಕ್ಯಾನಿಕನೂ ಕೊಳ್ಳಲಾರ, ಒಂದು ಸೇವಾ ಸಹಕಾರಿ ಸಂಘ ಕೊಳ್ಳಬಲ್ಲದು. ದೋಟಿ, ಏಣಿಗಳನ್ನು ಕೇರಿಯವರು ಸರದಿಯ ಮೇಲೆ ಬಳಸಿದ ಹಾಗೆ ಇವನ್ನೂ ಬಳಸಬಹುದು. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಹತ್ತಿರದ ಐಟಿಐ ಅಥವಾ ಪಾಲಿಟೆಕ್ನಿಕ್ ವಿದ್ಯಾರ್ಥಿಗಳನ್ನು ಕರೆಸಿ ಒಂದು ದಿನ ಊರಿನ ಯಂತ್ರಗಳನ್ನೆಲ್ಲ ಬಿಚ್ಚಿ ಅಳೆದು, ಪ್ರತಿ ಯಂತ್ರಕ್ಕೂ ಒಂದು ಚೀಟಿ ಬರೆಯಬಹುದು: ಸಿಲಿಂಡರು ಇಷ್ಟು, ಪಿಸ್ಟನ್ನು ಇಷ್ಟು, ತೆರವು ಇಷ್ಟು, ತಾರೀಖು. ಮರುವರ್ಷ ಅದೇ ಚೀಟಿಯ ಮೇಲೆ ಎರಡನೆಯ ಸಾಲು ಬಿದ್ದಾಗ ಸವೆತದ ವೇಗ ಕಣ್ಣಿಗೆ ಕಾಣುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಉಷ್ಣ ವಿಸ್ತರಣೆಯ ಗುಣಾಂಕವನ್ನು ಬಾಯಿಪಾಠ ಮಾಡುವ ಹುಡುಗಿಗೆ ಅದು ತನ್ನ ಮನೆಯ ಕೊಟ್ಟಿಗೆಯಲ್ಲಿಯೇ ಇದೆ ಎಂದು ಗೊತ್ತಾಗುವುದೂ ಅಂದೇ. ಬಿಚ್ಚಿ ತೊಳೆದ ಪೆಟ್ರೋಲು, ಹಳೆಯ ಎಣ್ಣೆ ಹಳ್ಳಕ್ಕೆ ಹೋಗದಂತೆ ಒಂದು ಡಬ್ಬಿಯನ್ನು ಆ ದಿನ ಮೊದಲೇ ಇಟ್ಟುಕೊಂಡಿರಬೇಕು.

ಜೋಡಿಸುವಾಗ ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಹೊಗೆಕಿಂಡಿಯ ಕಡೆಗಿರಬೇಕು, ರಿಂಗಿನ ಬಾಯಿ ಅದರ ಪುಟ್ಟ ಮೊಳೆಯ ಮೇಲೆಯೇ ಕೂರಬೇಕು, ಪಿನ್ನಿನ ಸರ್ಕ್ಲಿಪ್ ಹೊಸದೇ ಆಗಬೇಕು. ಆಮೇಲೆ ಮೊದಲ ಒಂದೆರಡು ಟ್ಯಾಂಕ್ ಮುಗಿಯುವ ತನಕ ಯಂತ್ರವನ್ನು ಅಂಗಳದ ಮೆದು ಹುಲ್ಲಿಗೆ ಮಾತ್ರ ಹಿಡಿಯಬೇಕು. ಪೂರ್ತಿ ರೇಸನ್ನು ನಿಮಿಷಗಟ್ಟಲೆ ಹಿಡಿದಿಡದೆ, ನಡುನಡುವೆ ಇಳಿಸಿ ಏರಿಸಿ ದುಡಿಸಬೇಕು. ಬೇಣದ ಲಂಟಾನದ ಪೊದೆ ಇನ್ನೊಂದು ವಾರ ಕಾಯಬಲ್ಲದು.